ನೀರಿಗೆ ಎಟುಕದ ಗೆರೆ

ಕವಾಟದ ಚಕ್ರವನ್ನು ಕೊನೆಯ ಸುತ್ತು ತಿರುಗಿಸಿ ಬಿಗಿ ಮಾಡಿದಾಗ ಟರ್ಬೈನಿನ ಗುಂಯ್‌ಗುಡುವ ಸದ್ದು ಸಣ್ಣಗಾಗುತ್ತ ಬಂದು, ಕಡೆಗೆ ನಿಂತೇಹೋಯಿತು. ಹಾಡುತ್ತಿದ್ದವರ ಹಿಂದಿನಿಂದ ಯಾರೋ ಶ್ರುತಿ ಎತ್ತಿಕೊಂಡು ಹೋದ ಹಾಗಾಯಿತು ಚಕ್ರದಕ್ಕನಿಗೆ. ಈ ಯಂತ್ರದ ಕೋಣೆ ಅವಳ ವಶಕ್ಕೆ ಬಂದಾಗಿನಿಂದ ಬೆಟ್ಟದೂರಿನವರೆಲ್ಲ ಅವಳನ್ನು ಕರೆಯುವುದು ಹಾಗೇ. ಅವಳ ನಿಜವಾದ ಹೆಸರು ಬೇಕೆಂದರೆ ಗಂಡನೂ ಒಂದು ಗಳಿಗೆ ತಲೆ ಕೆರೆದುಕೊಳ್ಳಬೇಕು.

ಕೈ ಒರೆಸಿಕೊಳ್ಳುವಷ್ಟರಲ್ಲಿ ಪಕ್ಕದ ಒಣಗಿಸುವ ಮನೆಯಿಂದ ಅತ್ತಿಗೆ, ಗಂಡನ ಅಕ್ಕ, ಓಡಿಬಂದಳು. ಆ ಮನೆಯ ಯಜಮಾನಿಕೆ ಅವಳದು.

“ಏನೇ ಇದು, ಫ್ಯಾನೆಲ್ಲ ನಿಂತುಬಿಟ್ವು!”

“ನೀರು ಗೆರೆಯಿಂದ ಕೆಳಗಿಳಿದಿದೆ ಅತ್ತಿಗೆ. ನಾನೇ ನಿಲ್ಲಿಸಿದೆ.”

“ನಿಲ್ಲಿಸಿದ್ಯಾ? ಒಳಗೆ ಊರಿನ ಸೇಬೆಲ್ಲ ಬಿಲ್ಲೆ ಬಿಲ್ಲೆಯಾಗಿ ಹರಡಿಕೊಂಡು ಕೂತಿದೆ, ಇನ್ನೂ ಹಸಿ. ಹೊರಗೆ ಹಾಕೋಣ ಅಂದ್ರೆ ಈ ಮಂಜಿನಲ್ಲಿ ಸೂರ್ಯ ಎಲ್ಲಿದಾನೋ ಅವನಿಗೇ ಗೊತ್ತಿಲ್ಲ. ಸಂಜೆಯೊಳಗೆ ಗಾಳಿ ಆಡದಿದ್ರೆ ಎಲ್ಲಾ ಕಪ್ಪಗಾಗಿ ಹುಳಿ ಹೊಡೆಯುತ್ತೆ.”

ಅದು ಚಕ್ರದಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಹಿಂದೆ ಹಣ್ಣು ಒಣಗಿಸುತ್ತಿದ್ದದ್ದು ಸೌದೆಯ ಗೂಡುಗಳಲ್ಲಿ. ಗೂಡಿನ ಹೊಟ್ಟೆ ತುಂಬಿಸುತ್ತ ತುಂಬಿಸುತ್ತ ಮೇಲಿನ ಇಳಿಜಾರು ಬೋಳಾಯಿತು. ಒಂದು ಮಳೆಗಾಲ ಆ ಬೋಳು ಮಣ್ಣು ಜಾರಿಕೊಂಡು ಬಂದು ಊರ ಹಿತ್ತಿಲುಗಳಲ್ಲಿ ಕೂತಿತು. ಆಮೇಲೇ ಊರು ಕೊಡಲಿ ಕೆಳಗಿಟ್ಟು ಹಳ್ಳದ ನೀರಿಗೆ ಟರ್ಬೈನು ಕಟ್ಟಿದ್ದು. ಕರೆಂಟಿನ ಬಿಸಿಗಾಳಿಯಲ್ಲಿ ಒಣಗುತ್ತಿರುವ ಮೊದಲ ಸುಗ್ಗಿ ಇದು. ಇದು ಕೆಟ್ಟರೆ ನಾಳೆಯೇ ಯಾರಾದರೂ ಕೊಡಲಿಗೆ ಸಾಣೆ ಹಿಡಿಯುತ್ತಾರೆ.

ಆದರೆ ಮಾತು ಕೊಟ್ಟಾಗಿತ್ತು. ಹಳ್ಳದಿಂದ ಟರ್ಬೈನಿನ ಕೊಳವೆಗೆ ನೀರು ತಿರುಗುವ ಜಾಗದ ಕೆಳಗೇ ತಗ್ಗಿನೂರಿನ ಕಾಲುವೆ ಕವಲೊಡೆಯುತ್ತದೆ. ಕೊಳವೆಗೆ ಹೋದ ನೀರು ಆ ಕಾಲುವೆಗೆ ಸಿಗುವುದಿಲ್ಲ. ಅದಕ್ಕೇ ಎರಡೂ ಊರಿನವರು ಹಳ್ಳದ ಬಂಡೆಯಲ್ಲಿ ಉಳಿಯಿಂದ ಒಂದು ಗೆರೆ ಕೊರೆದಿದ್ದರು. ನೀರು ಅದಕ್ಕಿಂತ ಕೆಳಗಿಳಿದರೆ ಟರ್ಬೈನು ನಿಲ್ಲಬೇಕು. ದೂರದಿಂದ ಕಾಣಲೆಂದು ಗೆರೆಗೆ ಬಿಳಿ ಬಣ್ಣ ಬಳಿದಿದ್ದರು. ಮಾಸಿದ್ದ ಬಣ್ಣವನ್ನು ನಿನ್ನೆಯಷ್ಟೇ ಹೊಸದು ಮಾಡಿದವನು ಚಕ್ರದಕ್ಕನ ಗಂಡ. ಗೋಡೆಗಳಿಗೆ ಬಣ್ಣ ಬಳಿಯುವುದೇ ಅವನ ಕಸುಬು.

“ಒಂಚೂರು ಇಳಿದರೆ ಏನಾಯ್ತೀಗ? ಯಾರು ನೋಡ್ತಾರೆ?” ಅತ್ತಿಗೆ ದನಿ ತಗ್ಗಿಸಿದಳು.

“ನೀರು ನೋಡುತ್ತಲ್ಲ.”

“ನೀರಿಗೇನು ಕಣ್ಣಿದ್ಯಾ?”

“ಗುಡುಗಪ್ಪನಿಗಾದ್ರೂ ಇದೆ.”

“ಅವನಿಗಿರೋದು ಬರೀ ಬಾಯಿ!”

ಗುಡುಗಪ್ಪ ಎಂದರೆ ತಗ್ಗಿನೂರಿನ ನೀರುಗಿರಣಿಯವನು. ಬೀಸುಕಲ್ಲಿನ ಪಕ್ಕದಲ್ಲೇ ಬೆಳೆದು, ಗುಟ್ಟನ್ನೂ ಕೂಗಿಯೇ ಹೇಳುವವನು. ಟರ್ಬೈನು ಬೇಡವೇ ಬೇಡ ಎಂದು ಕೊನೆಯವರೆಗೂ ಹಟ ಹಿಡಿದಿದ್ದವನೂ ಅವನೇ.

ಹೆಸರೆತ್ತಿದ್ದೇ ತಡ, ಏರಿನ ಕೆಳಗಿನಿಂದ ದನಿ ಬಂತು. ಮನುಷ್ಯ ಆಮೇಲೆ ಬಂದ, ಹುಬ್ಬು ಮೀಸೆಯೆಲ್ಲ ಹಿಟ್ಟು.

“ಯಾವ ಪುಣ್ಯಾತ್ಮರಮ್ಮಾ ನೀರು ಬಿಟ್ಟಿದ್ದು?”

ಚಕ್ರದಕ್ಕ ಹೊಸ್ತಿಲಿಗೆ ಬಂದಳು. “ಬಿಟ್ಟಿದ್ದಲ್ಲ ಅಣ್ಣಾ, ಟರ್ಬೈನು ನಿಲ್ಲಿಸಿದೆ. ನಿಮಗೆ ಕಡಿಮೆ ಆಗಬಾರದು ಅಂತ.”

“ಕಡಿಮೆ! ನನ್ನ ಚಕ್ರ ಹುಚ್ಚು ಕುದುರೆ ಆಗಿದೆ. ಹಿಟ್ಟು ಚೀಲಕ್ಕೆ ಬೀಳ್ತಿಲ್ಲ, ನನ್ನ ಮುಖಕ್ಕೇ ಬೀಳ್ತಿದೆ. ಬೆಳಿಗ್ಗೆಯೇ ನೀರು ಜಾಸ್ತಿ ಅಂತ ತೂಬು ಅರ್ಧ ಮುಚ್ಚಿದ್ದೆ.”

“ಗೆರೆಯಿಂದ ಕೆಳಗಿಳಿದಿತ್ತಲ್ಲಣ್ಣಾ?”

“ಯಾವ ಗೆರೆ? ನಡಿ, ತೋರಿಸು.”

ಮೂವರೂ ಹಳ್ಳದ ದಂಡೆಗೆ ಹೋದರು. ಬಂಡೆಯ ಮೇಲೆ ಬಿಳಿ ಗೆರೆ ಫಳಫಳ ಹೊಳೆಯುತ್ತಿತ್ತು. ಟರ್ಬೈನು ನಿಂತು ಹಳ್ಳ ಇಷ್ಟು ತುಂಬಿದ್ದರೂ ನೀರು ಅದಕ್ಕಿನ್ನೂ ಎಟುಕಿರಲಿಲ್ಲ. ಗುಡುಗಪ್ಪ ಅದನ್ನು ನೋಡಿದ, ನೀರನ್ನು ನೋಡಿದ, ಬಟ್ಟೆ ಮೇಲೆತ್ತಿಕೊಂಡು ಇಳಿದೇಬಿಟ್ಟ. ಬಗ್ಗಿ, ಮೊಣಕೈವರೆಗೂ ಕೈಯನ್ನು ನೀರಿಗಿಟ್ಟು, ಬಂಡೆಯ ಮೈಯನ್ನು ಕುರುಡರಂತೆ ತಡವಿದ. ತಡವುತ್ತ ತಡವುತ್ತ ಕೈ ಒಂದು ಕಡೆ ನಿಂತಿತು.

“ಇಲ್ಲಿದೆ ನೋಡಮ್ಮಾ ಉಳಿ ಗೆರೆ, ನೀರಿನೊಳಗೆ! ಇದನ್ನ ಕೊರೆಯೋವಾಗ ಸುತ್ತಿಗೆ ಹಿಡಿದಿದ್ದು ನಾನು.”

ಚಕ್ರದಕ್ಕನೂ ಇಳಿದು ಬೆರಳಿಟ್ಟಳು. ಪಾಚಿಯ ಕೆಳಗೆ ಕೊರೆದ ಗೆರೆ ಹಾಗೇ ಇತ್ತು, ನೀರಿನಲ್ಲಿ ಗೇಣುದ್ದ ಆಳಕ್ಕೆ. ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಒದ್ದೆ ಕೈಯನ್ನೇ ಕಣ್ಣಿಗೊತ್ತಿಕೊಂಡಳು.

ಅತ್ತಿಗೆ ಮಾತ್ರ ಸುಮ್ಮನಿರುವವಳಲ್ಲ. ಮನೆಗೆ ಹೋಗಿ ತಮ್ಮನನ್ನು ಕುಂಚದ ಸಮೇತ ಎಳೆದುಕೊಂಡೇ ಬಂದಳು.

“ಗೆರೆ ಎಲ್ಲಿದೆ, ನೀನು ಬಳಿದಿದ್ದೆಲ್ಲಿ ಮಹಾರಾಯ?”

ಅವನು ಬಂಡೆ ನೋಡಿದ. ತಪ್ಪೇನೆಂದು ಅವನಿಗೆ ನಿಜವಾಗಿಯೂ ಹೊಳೆಯಲಿಲ್ಲ. “ನಿನ್ನೆ ಗೆರೆ ನೀರಿನೊಳಗಿತ್ತು ಅಕ್ಕಾ. ಒದ್ದೆ ಕಲ್ಲಿಗೆ ಬಣ್ಣ ಹಿಡಿಯಲ್ಲ. ಅದಕ್ಕೆ ಒಣಗಿರೋ ಕಡೆ, ಚೆನ್ನಾಗಿ ಕಾಣೋ ಹಾಗೆ ಬಳಿದೆ. ಎರಡು ಸಲ ಬಳಿದಿದ್ದೀನಿ.”

ಗುಡುಗಪ್ಪ ನಕ್ಕ ನಗೆಗೆ ಎದುರು ಬೆಟ್ಟವೂ ನಕ್ಕಿತು.

“ಅಲ್ಲಣ್ಣಾ,” ಚಕ್ರದಕ್ಕ ಮೆಲ್ಲಗೆ ಕೇಳಿದಳು, “ನೀವು ಸುಮ್ಮನಿದ್ದಿದ್ರೆ ನೀರೆಲ್ಲ ನಿಮ್ಮದೇ ಆಗ್ತಿತ್ತಲ್ಲ?”

“ಮಾತು ಎರಡೂ ಕಡೆಯದಲ್ವೇನಮ್ಮಾ?” ಎಂದ. ಅವನ ದನಿ ತಗ್ಗಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. “ನಡಿ, ನಡಿ. ಸೇಬು ಕಾಯ್ತಿದೆ.”

ಚಕ್ರದಕ್ಕ ಕವಾಟವನ್ನು ಮೆಲ್ಲಗೆ ಬಿಚ್ಚುತ್ತ ಹೋದಳು. ಕೊಳವೆ ಗುಳುಗುಳು ಎಂದಿತು, ಟರ್ಬೈನು ಒಮ್ಮೆ ನಡುಗಿ, ಗುಂಯ್ ಎಂದು ಶ್ರುತಿ ಹಿಡಿಯಿತು. ಗೋಡೆಯಾಚೆ ಫ್ಯಾನುಗಳು ಒಂದೊಂದಾಗಿ ಎದ್ದವು. ಅತ್ತಿಗೆ ಒಂದು ಬಿಲ್ಲೆಯನ್ನು ಮುರಿದು ನೋಡಿ, ಒಳಗಿನ ಬಿಳುಪನ್ನು ಕಿಟಕಿಯಿಂದಲೇ ಎತ್ತಿ ತೋರಿಸಿದಳು.

ಚಕ್ರದಕ್ಕ ಹೊಸ್ತಿಲಲ್ಲಿ ಕೂತಳು. ಕೆಳಗೆ ಹಳ್ಳದಲ್ಲಿ ಗಂಡ ಮೊಣಕಾಲುದ್ದ ತಣ್ಣೀರಿನಲ್ಲಿ ನಿಂತು ತಂತಿಯ ಬ್ರಷ್ಷಿನಿಂದ ಬಂಡೆಯ ಬಿಳಿ ಗೆರೆಯನ್ನು ಉಜ್ಜುತ್ತಿದ್ದ.

“ಹೋಯ್ತಾ?” ಎಂದು ಕೂಗಿದಳು.

“ಎಲ್ಲಿ ಹೋಗುತ್ತೆ!” ಹಲ್ಲು ಕಟಕಟ ಎನ್ನುತ್ತಿದ್ದರೂ ಅವನ ದನಿಯಲ್ಲಿ ಹೆಮ್ಮೆಯಿತ್ತು. “ಬಳಿದವನು ಯಾರು ಹೇಳು!”