ಅರವತ್ತೆರಡಕ್ಕೆ ಒಪ್ಪದ ನಾಣ್ಯ

ಮನೆಯಲ್ಲಿದ್ದ ಹಳೆಯ ನಾಣ್ಯವನ್ನು ಗುಣಮಟ್ಟದ ಪರೀಕ್ಷೆಗೆ ಕಳಿಸಲು ಎರಡು ಸಾವಿರ, ಹೋಗಿಬರುವ ಅಂಚೆಗೆ ಐನೂರು. ಪರೀಕ್ಷಕರು ಎಪ್ಪತ್ತಕ್ಕೆ ಅರವತ್ತಮೂರು ಅಂಕ ಕೊಟ್ಟರೆ ನಾಣ್ಯದ ವ್ಯಾಪಾರಿ ನಲವತ್ತು ಸಾವಿರ ಕೊಡುತ್ತಾನೆ, ಅರವತ್ತೆರಡಾದರೆ ಇಪ್ಪತ್ತೇ. ಬಟ್ಟೆ ಒಗೆಯುವ ಮಷೀನಿಗೆ ಹದಿನೇಳು. ಗಡಿಯಾರ ರಿಪೇರಿಯವನ ಹೆಂಡತಿ ಬಟ್ಟೆ ಹಿಂಡುತ್ತಲೇ ಈ ಲೆಕ್ಕ ಮಾಡಿ ಮುಗಿಸಿದ್ದಳು. ಎರಡರಲ್ಲಿ ಯಾವುದು ಬಂದರೂ ಮಷೀನು ಬರುತ್ತಿತ್ತು.

ಎಂಟು ವಾರದ ಮೇಲೆ ಬೆಳ್ಳಿ ನಾಣ್ಯ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯೊಳಗೆ ದೊರೆಯ ಹಾಗೆ ಕೂತು ವಾಪಸು ಬಂತು. ಚೀಟಿಯಲ್ಲಿ ಅರವತ್ತೆರಡು.

"ಸರಿ, ಮಷೀನ್ ಬಂತು ಅನ್ನಿ" ಎಂದಳು ಹೆಂಡತಿ.

"ತಡಿಯೇ. ಮೂವತ್ತು ವರ್ಷ ಕಣ್ಣಿಗೆ ಭೂತಗನ್ನಡಿ ಸಿಗಿಸಿಕೊಂಡು ಕೂತೋನು ನಾನು. ಇದು ಅರವತ್ತಮೂರು ಅಲ್ಲದಿದ್ರೆ ನನ್ನ ಹೆಸರು ಬದಲಾಯಿಸ್ತೀನಿ."

"ಹೆಸರು ಬದಲಾಯಿಸಿದ್ರೂ ನಿಮ್ಮ ಬಟ್ಟೆ ಒಗೆಯೋಳು ನಾನೇ ತಾನೆ?"

ವ್ಯಾಪಾರಿ ಬೇರೆ ಉರಿಗೆ ಎಣ್ಣೆ ಹೊಯ್ದ. "ಅವರೂ ಮನುಷ್ಯರೇ ಅಲ್ವಾ ಅಣ್ಣ? ಬೆಳಿಗ್ಗೆ ನೋಡಿದ್ರೆ ಒಂದು ಅಂಕ, ಊಟ ಆದ್ಮೇಲೆ ನೋಡಿದ್ರೆ ಇನ್ನೊಂದು. ಡಬ್ಬಿ ಒಡೆದು ಬರೀ ನಾಣ್ಯ ಕಳಿಸಿ, ಒಂದ್ಸಲ ನೋಡಿದ್ದೇ ಅಂತ ಅವರಿಗೆ ಗೊತ್ತಾಗಲ್ಲ. ಎಷ್ಟೋ ಜನ ಹಾಗೇ ಮಾಡ್ತಾರೆ."

ಗಡಿಯಾರ ರಿಪೇರಿಯವನು ತನ್ನ ಅಂಗಡಿಯ ಮೇಜಿನ ಮೇಲೆ ಡಬ್ಬಿಯ ಅಂಚನ್ನು ಇಕ್ಕಳದಲ್ಲಿ ಹಿಡಿದು ಸೀಳಿದ. ನಾಣ್ಯಕ್ಕೆ ಒಂದು ಗೀರೂ ಬೀಳಲಿಲ್ಲ. ಕೈ ಅಂದರೆ ಕೈ! ಕಾಫಿ ತಂದ ಹೆಂಡತಿ ಅದನ್ನು ಲಕೋಟೆಗೆ ಹಾಕುವವರೆಗೂ ಪಕ್ಕದಲ್ಲೇ ನಿಂತು ನೋಡಿದಳು.

ಮತ್ತೆ ಎಂಟು ವಾರ. ಈ ಸಲ ಚೀಟಿಯಲ್ಲಿ ಅಂಕವೇ ಇಲ್ಲ. 'ಉಜ್ಜಿ ಹೊಳಪಿಸಲಾಗಿದೆ' ಎಂದಷ್ಟೇ ಇತ್ತು.

"ಕಳ್ಳರು! ಅದೇ ನಾಣ್ಯ ಕಣೇ! ಇವರನ್ನ ಯಾರು ನಂಬೋದು? ಉಜ್ಜಿದೋರು ಯಾರಂತೆ?"

"ನೀವೇ."

"ನಾನಾ?"

"ಗಿರಾಕಿಗೆ ವಾಚು ಕೊಡೋ ಮುಂಚೆ ಉಜ್ತೀರಲ್ಲ, ಪಾಲಿಶ್ ಹಚ್ಚಿದ ಬಟ್ಟೇಲಿ, ಹಂಗೇ ಉಜ್ಜಿ ಲಕೋಟೆಗೆ ಹಾಕಿದ್ರಿ. ನಾಣ್ಯಕ್ಕೂ ಹಂಗೇ ಮಾಡಬೇಕೇನೋ ಅಂದ್ಕೊಂಡೆ."

ಅವನ ಕಣ್ಣು ಮೇಜಿನ ಮೇಲಿದ್ದ ಬಟ್ಟೆಯ ಕಡೆ ಹೋಯಿತು. ಕೈ ಆಗಲೇ ಅದನ್ನು ಮಡಿಸುತ್ತಿತ್ತು.

"ಮೊದಲನೇ ಸಲ ಅವರು ಬರೆದಿದ್ದು ಸರಿಯೋ ತಪ್ಪೋ ನಂಗೊತ್ತಿಲ್ಲ" ಎಂದಳು ಹೆಂಡತಿ. "ಎರಡನೇ ಸಲ ಮಾತ್ರ ಪಕ್ಕದಲ್ಲೇ ನಿಂತು ನೋಡಿದ ಹಾಗೆ ಬರೆದಿದ್ದಾರೆ."

ವ್ಯಾಪಾರಿ ನಾಣ್ಯವನ್ನು ಬೆಳಕಿಗೆ ಹಿಡಿದು ತುಟಿ ಕಚ್ಚಿ ನಗು ತಡೆದ. "ಫಳಫಳ ಅಂತಿದೆ ಅಣ್ಣ. ಅದೇ ಇದರ ರೋಗ. ಉಜ್ಜಿದ ಹಳೇ ನಾಣ್ಯಕ್ಕೆ ಬೆಲೆ ಬರಲ್ಲ." ಏಳು ಸಾವಿರ ಎಣಿಸಿ ಕೊಟ್ಟ.

ಎರಡು ಸಲದ ಖರ್ಚು ಐದು ಸಾವಿರ ಕಳೆದರೆ ಕೈಯಲ್ಲಿ ಉಳಿದದ್ದು ಎರಡು. ಮಷೀನು ಬರಲಿಲ್ಲ. ಭಾನುವಾರದ ಬಟ್ಟೆ ಈಗ ಅವನೇ ಒಗೆಯುತ್ತಾನೆ. ಉಜ್ಜುವುದರಲ್ಲಂತೂ ಅವನನ್ನು ಮೀರಿಸುವವರಿಲ್ಲ.