ಸಾವಿರದ ಒಂದನೇ ಅಡಿ

ಅಯೋವಾದ ಆ ಕಾಲೇಜು ಊರಿನಲ್ಲಿ ಡೆಲ್ಫೀನ್ ಕ್ರೌಸ್ ಆರು ವರ್ಷ ಗ್ರಂಥಾಲಯದ ಮೆಟ್ಟಿಲ ಬಳಿ ಮೇಜು ಹಾಕಿಕೊಂಡು ಕೂತವಳು. ಕ್ರೆಡಿಟ್ ಕಾರ್ಡಿನ ಅರ್ಜಿಗೆ ಸಹಿ ಹಾಕಿದವರಿಗೆಲ್ಲ ಒಂದು ಟೀ ಶರ್ಟ್ ಪುಕ್ಕಟೆ. ಏಳನೇ ವರ್ಷ ಸರ್ಕಾರ ಹೊಸ ಕಾನೂನು ತಂದಿತು. ಕಾಲೇಜಿನೊಳಗೆ, ಸುತ್ತಲಿನ ಸಾವಿರ ಅಡಿಯೊಳಗೆ, ಉಡುಗೊರೆಯ ಆಸೆ ತೋರಿಸಿ ವಿದ್ಯಾರ್ಥಿಗಳಿಗೆ ಕಾರ್ಡು ಕೊಡುವಂತಿಲ್ಲ.

"ಸರಿ, ಸಾವಿರದ ಒಂದನೇ ಅಡೀಲಿ ಕೂತ್ಕೋ," ಅಂದ ಕಾರ್ಡು ಕಂಪನಿಯ ಮ್ಯಾನೇಜರ್.

ಆಗಸ್ಟ್ ತಿಂಗಳ ಮುಂಜಾನೆ, ದಟ್ಟ ಮಂಜು. ವ್ಯಾನಿನ ಡ್ರೈವರ್ ಮರ್ಲ್ ಗೇಟಿನಿಂದ ಅಳತೆಯ ಚಕ್ರ ಉರುಳಿಸುತ್ತ ನಡೆದ. ಡೆಲ್ಫೀನ್ ಎಣಿಸುತ್ತ ಹಿಂದೆ ಹೋದಳು. ಚಕ್ರ ಟಿಕ್ ಎಂದಾಗಲೆಲ್ಲ ಹಿಂದೆ ಸಹಿ ಹಾಕಿದ ಯಾರದೋ ಮುಖ ಮಂಜಿನಲ್ಲಿ ಮೂಡಿ ಕರಗಿದಂತಾಗುತ್ತಿತ್ತು. ಲಾಂಡ್ರಿ ಹಿಂದೆ ಸರಿಯಿತು, ರೈಲು ಹಳಿಯನ್ನೂ ದಾಟಿದರು. ಸಾವಿರ ಮುಗಿದಾಗ ಇಬ್ಬರೂ ಹೊಳೆಯ ದಡದ ಹುಲ್ಲಿನಲ್ಲಿ ನಿಂತಿದ್ದರು.

ಮೇಜು ಹಾಕಿದರು. ಯಾರೂ ಬರಲಿಲ್ಲ. ನೀರು ಹರಿಯುತ್ತಿದೆಯೋ ನಿಂತಿದೆಯೋ ತಿಳಿಯುತ್ತಿರಲಿಲ್ಲ.

"ನಿನ್ನ ಹತ್ರಾನೇ ನಾನೂ ಸಹಿ ಹಾಕಿದ್ದು, ನೆನಪಿದ್ಯಾ?" ಅಂದ ಮರ್ಲ್. "ಅದ್ರಲ್ಲಿ ಏನ್ ಬರ್ದಿತ್ತು?"

"ನಾನೇನ್ ಓದಿದೀನಾ, ಮಾರಾಯ?"

"ಈಗ ಓದು. ಬೇರೆ ಕೆಲ್ಸ ಏನಿದೆ?"

ಅವಳು ಕರಾರುಪತ್ರ ಬಿಡಿಸಿ ಗಟ್ಟಿಯಾಗಿ ಓದತೊಡಗಿದಳು. ಸಣ್ಣ ಅಕ್ಷರಗಳು, ಉದ್ದುದ್ದ ವಾಕ್ಯಗಳು. ಓದುತ್ತ ಓದುತ್ತ ಅವಳ ದನಿ ಅವಳದಲ್ಲವೆನ್ನುವಂತೆ, ಆಚೆ ದಡದಿಂದ ಯಾರೋ ಓದುತ್ತಿರುವಂತೆ ಕೇಳಿಸಿತು. ಒಂದು ಕಡೆ ಮರ್ಲ್ ಕೈ ಎತ್ತಿದ.

"ತಡಿ. ಒಂದ್ಸಲ ತಡವಾದ್ರೆ ಬಡ್ಡಿ ಏರುತ್ತೆ ಅಂತಾನಾ? ಇದಕ್ಕೆ ನಾನು ಒಪ್ಕೊಂಡಿದ್ನಾ?"

"ಒಪ್ಕೊಂಡಿದ್ದೆ."

ಅವನು ಹೊಳೆಯತ್ತ ನೋಡಿದ. "ಶರ್ಟ್ ಮಾತ್ರ ಚೆನ್ನಾಗಿತ್ತು ಬಿಡು. ಎರಡು ವರ್ಷ ಬಾಳಿಕೆ ಬಂತು."

ಡೆಲ್ಫೀನಳಿಗೆ ನಗು ಬಂತು. ನಗುತ್ತಲೇ ಗಡಿಯಾರ ನೋಡಿದಳು. ಆರು ವರ್ಷ ಅವಳು "ಇಲ್ಲಿ ಸಹಿ, ಇಲ್ಲಿ ತಾರೀಕು" ಎಂದಷ್ಟೇ ಹೇಳಿದ್ದಳು. ಇಷ್ಟನ್ನು ಓದಲು ಹಿಡಿದದ್ದು ಅರ್ಧ ಗಂಟೆ.

ಮ್ಯಾನೇಜರಿಗೆ ಫೋನು ಮಾಡಿದಳು. "ಇಲ್ಲಿ ಯಾರೂ ಇಲ್ಲ ಸರ್. ಬಾತುಕೋಳಿಗಳಿವೆ."

"ಹಂಗಾದ್ರೆ ನಾಳೆ ಸ್ಟೇಡಿಯಂ ಹತ್ರ ಹೋಗು. ಅದೂ ಸಾವಿರ ಅಡಿ ಆಚೆಗೇ ಇದೆ."

"ಹೋಗ್ತೀನಿ. ಆದ್ರೆ ಸಹಿಗೆ ಮುಂಚೆ ಪೂರ್ತಿ ಓದಿ ಹೇಳ್ತೀನಿ."

"ಓದಿದ್ರೆ ಯಾರಮ್ಮಾ ಸಹಿ ಹಾಕ್ತಾರೆ?"

ಅವಳು ಫೋನು ಇಟ್ಟಳು. ಆ ವಾರವೇ ಕೆಲಸ ಬಿಟ್ಟಳು. ಚಳಿಗಾಲಕ್ಕೆ ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ಹೊಸ ಕೆಲಸಕ್ಕೆ ಕೂತಳು. ಫಾರಂ ಹಿಡಿದು ಬಂದವರಿಗೆ ಅದನ್ನು ಸಾವಕಾಶವಾಗಿ ಓದಿ ಹೇಳುವುದು ಅವಳ ರೂಢಿಯಾಯಿತು. ಸಾಲಿನಲ್ಲಿ ಹಿಂದೆ ನಿಂತವರು ಗೊಣಗುತ್ತಿದ್ದರು, ಆದರೂ ಕಾಯುತ್ತಿದ್ದರು.