ಒಂದು ಗುಟುಕು ನೀರು

ಗುಬ್ಬಿ ನನ್ನ ಕೋಣೆಯಲ್ಲಿ ಮಾತಾಡುತ್ತಾಳೆ. ತೊದಲುತ್ತಾಳೆ, ತಡವರಿಸುತ್ತಾಳೆ, ಆದರೂ ಮಾತಾಡುತ್ತಾಳೆ. ತರಗತಿಗೆ ಹೋದರೆ ತುಟಿ ಪಿಟಕ್ಕೆನ್ನುವುದಿಲ್ಲ. ಪರೀಕ್ಷೆ ಬರುವುದರೊಳಗೆ ಅಲ್ಲಿಯೂ ಬಾಯಿ ಬಿಡದಿದ್ದರೆ ಬೇರೆ ಶಾಲೆಗೆ ಕಳಿಸುವುದೇ ಸೈ ಎಂದು ಹೆಡ್‌ಮಿಸ್ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ನಾನು ಈ ಶಾಲೆಯ ಸ್ಪೀಚ್ ಥೆರಪಿಸ್ಟ್. ಮಕ್ಕಳ ಮಾತಿನ ತೊಡಕು ಬಿಡಿಸುವುದು ನನ್ನ ಕೆಲಸ. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇರುತ್ತದೆ.

ಕಾರಣ ನೋಡೋಣವೆಂದು ಒಂದು ದಿನ ಅವಳ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತೆ. ಕ್ಲಾಸ್ ಟೀಚರ್ ಮಾತು ಅರಳು ಹುರಿದ ಹಾಗೆ. "ಗುಬ್ಬೀ, ಮಳೆ ಎಲ್ಲಿಂದ ಬರತ್ತಮ್ಮಾ?" ಎಂದರು. ಗುಬ್ಬಿ ಉಸಿರೆಳೆದುಕೊಳ್ಳುವಷ್ಟರಲ್ಲಿ, "ಮೋಡದಿಂದ, ಅಲ್ವಾ ಪುಟ್ಟಾ? ಜಾಣೆ, ಕೂತ್ಕೋ" ಎಂದು ತಾವೇ ಮುಗಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು.

ಸ್ಟಾಫ್ ರೂಮಿನಲ್ಲಿ ತರಾಟೆಗೆ ತೆಗೆದುಕೊಂಡೆ. "ಮಗು ಬಾಯಿಂದ ಮಾತು ಕಿತ್ಕೊಳ್ತೀರಲ್ರೀ!"

"ಎಲ್ಲರ ಮುಂದೆ ಒದ್ದಾಡತ್ತೆ, ನೋಡೋಕಾಗಲ್ಲ ನನ್ನ ಕೈಲಿ," ಎಂದರು ಟೀಚರ್. ಆಮೇಲೆ ಅವರಿಗೂ ರೇಗಿತು. "ನಿಮಗೇನ್ರೀ, ಬಾಗಿಲು ಹಾಕ್ಕೊಂಡು ಒಂದೊಂದೇ ಮಗು. ನನ್ನ ಕ್ಲಾಸಲ್ಲಿ ಒಂದ್ಸಲ ನಿಂತು ನೋಡಿ."

ನಿಂತೆ. ಪ್ರಶ್ನೆ ಮುಗಿಯುವ ಮೊದಲೇ ಹತ್ತಾರು ಮಕ್ಕಳು ಉತ್ತರ ಕಿರುಚಿದರು. ಗುಬ್ಬಿಗಾಗಿ ಕಾಯೋಣವೆಂದರೆ ಹಿಂದಿನ ಸಾಲಿನಲ್ಲಿ ಜುಟ್ಟು ಹಿಡಿದು ಜಗಳ. ಬೆಲ್ ಹೊಡೆಯುವಷ್ಟರಲ್ಲಿ ನನ್ನ ಗಂಟಲು ಬಿದ್ದುಹೋಗಿತ್ತು. ನನ್ನ ವಿದ್ಯೆಯೆಲ್ಲ ಆ ಚಿಕ್ಕ ಕೋಣೆಯೊಳಗಿನದು ಎಂದು ಒಪ್ಪಿಕೊಳ್ಳಲೇಬೇಕಾಯಿತು. ಟೀಚರ್ ನಗಲಿಲ್ಲ, ನೀರಿನ ಬಾಟಲಿ ಕೊಟ್ಟರು. ನಾನು ಗಟಗಟ ಕುಡಿಯುತ್ತಿದ್ದರೆ, "ಅರೆ, ಬಾಯಲ್ಲಿ ನೀರಿದ್ರೆ ನೀವೂ ಸುಮ್ನಿರ್ತೀರಿ!" ಎಂದರು.

ಉಪಾಯ ಅವರದೇ. ಪ್ರಶ್ನೆ ಕೇಳಿದ ಕೂಡಲೇ ಅವರ ಬಾಯಿಗೆ ಒಂದು ಗುಟುಕು ನೀರು. ಯಾರ ಸರದಿಯೋ ಅವರು ಹೇಳಿ ಮುಗಿಸುವವರೆಗೆ ಟೀಚರ್ ನುಂಗುವಂತಿಲ್ಲ, ಬೇರೆಯವರು ಉಸಿರೆತ್ತುವಂತಿಲ್ಲ. ಕಾಯುವಾಗ ಮಗುವಿನ ಮುಖವನ್ನು ಹೇಗೆ ನೋಡಬೇಕು, ಅಯ್ಯೋ ಪಾಪ ಅನ್ನಿಸದ ಹಾಗೆ, ಎಂಬುದನ್ನು ನಾನು ಹೇಳಿಕೊಟ್ಟೆ. ಟೀಚರ್ ಊದಿದ ಕೆನ್ನೆ ಕಂಡು ಮಕ್ಕಳು ಬಿದ್ದುಬಿದ್ದು ನಕ್ಕರು, ಟೀಚರಿಗೇ ನಗು ಬಂದು ಮೇಜೆಲ್ಲ ಒದ್ದೆಯಾಯಿತು. ಆದರೆ ಮಕ್ಕಳು ಕಾಯುವುದನ್ನು ಕಲಿತರು. ಗುಬ್ಬಿ ಮಾತ್ರ ಎದ್ದು ನಿಂತು ಹಾಗೇ ಕೂರುತ್ತಿದ್ದಳು. ನನಗೆ ಒಳಗೊಳಗೇ ಹೆದರಿಕೆಯಾಗತೊಡಗಿತ್ತು.

ಪರೀಕ್ಷೆಗೆ ಮುಂಚೆ ಹೆಡ್‌ಮಿಸ್ ಗುಬ್ಬಿಯನ್ನು ನೋಡಲು ತರಗತಿಗೆ ಬಂದರು. ಟೀಚರ್ ಗುಬ್ಬಿಗೆ ಪ್ರಶ್ನೆ ಕೇಳಿ ಬಾಯಿಗೆ ನೀರು ತುಂಬಿಕೊಂಡರು. ಗುಬ್ಬಿ ಎದ್ದಳು. ತುಟಿ ಅಲುಗಿತು, ದನಿ ಬರಲಿಲ್ಲ. ಇಡೀ ತರಗತಿ ಕಾಯಿತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಕೊನೆಗೆ ಹೆಡ್‌ಮಿಸ್, "ಹೋಗ್ಲಿ ಬಿಡಮ್ಮಾ, ಕೂತ್ಕೋ" ಎಂದರು.

ಗುಬ್ಬಿ ಕೂರಲಿಲ್ಲ.

"ನಾ... ನಾ... ನಾನಿನ್ನೂ ಹೇ... ಹೇಳ್ತಾ ಇದೀನಿ, ಮಿಸ್."

ಹೆಡ್‌ಮಿಸ್ ಮಕ್ಕಳ ಬೆಂಚಿನಲ್ಲೇ ಜಾಗ ಮಾಡಿಕೊಂಡು ಕುಳಿತರು.

"ಹೇಳಮ್ಮಾ. ನನಗೇನೂ ಅವಸರ ಇಲ್ಲ."